‘ಹೋದರು’ ಅಂದರೆ ಎಲ್ಲಿಗೆ?

ಆಷಾಢದ ಮಳೆ. ರಾತ್ರಿ ಎಂಟೂವರೆ ಇರಬಹುದು. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆ. ಗಂಡಸರ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ ಸಿಸ್ಟರ್. ಮಧ್ಯಾಹ್ನ ಎದೆನೋವು ಅಂತ ಬಂದಿದ್ದ ಒಬ್ಬರು ಎಂಟು ಗಂಟೆ ಹೊತ್ತಿಗೆ ತೀರಿಕೊಂಡರು. ಐವತ್ತರ ಆಸುಪಾಸಿನವರು, ಬೋಟಿಗೆ ಹೋಗುತ್ತಿದ್ದವರು. ಮಣಿಪಾಲಕ್ಕೆ ಕಳಿಸಬೇಕು ಅಂತ ಸಂಜೆಯೇ ಮಾತಾಗಿತ್ತು. ಗಾಡಿ ಸಿಕ್ಕಿರಲಿಲ್ಲ.

ಅವರ ಹೆಂಡತಿ ಆಗ ಅಲ್ಲಿರಲಿಲ್ಲ. ಪೇಟೆಯಲ್ಲಿದ್ದ ನೆಂಟರ ಮನೆಗೆ ಗಂಜಿ ತರಲು ಹೋಗಿದ್ದರು. ಡಾಕ್ಟರಿಗೆ ಅಷ್ಟೊತ್ತಿಗೆ ಹೆರಿಗೆ ಕೋಣೆಯಿಂದ ಕರೆ ಬಂತು. “ಮನೆಯವರು ಬಂದ್ರೆ ಹೇಳಿಬಿಡಿ ಸಿಸ್ಟರ್” ಅಂದು ಓಡಿದರು. ನಾವು ದೇಹವನ್ನು ಪಕ್ಕದ ಕೋಣೆಗೆ ಸಾಗಿಸಿದೆವು. ಹಾಸಿಗೆ ಖಾಲಿಯಾಯಿತು.

ಆಕೆ ಬಂದರು. ಸೀರೆಯ ನೆರಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಕೆಂಪು ಮುಚ್ಚಳದ ಸ್ಟೀಲ್ ಫ್ಲಾಸ್ಕು. ಖಾಲಿ ಹಾಸಿಗೆ ನೋಡಿದರು, ನನ್ನನ್ನು ನೋಡಿದರು. ನಾನು ನಿಂತಲ್ಲಿಂದಲೇ, ಕೈಯಲ್ಲಿದ್ದ ಚಾರ್ಟ್ ಕೆಳಗಿಡದೆ, ಹೇಳಿದೆ. “ಅಕ್ಕಾ, ನಿಮ್ಮವರು ಹೋದ್ರು.”

“ಹೋದ್ರಾ? ನಂಗೆ ಒಂದು ಮಾತು ಹೇಳ್ದೇನೆ ಹೋದ್ರಾ? ಮಣಿಪಾಲಕ್ಕಾ, ಮಂಗ್ಳೂರಿಗಾ?”

ಹೀಗಂದವರೇ ಬಗ್ಗಿ ಹಾಸಿಗೆಯ ಕೆಳಗಿದ್ದ ಚೀಲ ಎಳೆದರು. ಬೈರಾಸು, ಲುಂಗಿ, ಎಕ್ಸರೇ ಕವರು ಎಲ್ಲ ಅದಕ್ಕೆ ತುಂಬತೊಡಗಿದರು. “ಈಗ ಬಸ್ಸು ಸಿಗ್ತದಾ ಸಿಸ್ಟರ್? ಗಂಜಿ ತಿಳಿ ಬಿಸಿ ಉಂಟು, ಅಲ್ಲಿ ಹೋಗಿ ಕೊಟ್ರೂ ಆಗ್ತದೆ” ಅಂದರು. ನನಗೆ ಬಾಯಿ ಬರಲಿಲ್ಲ. ಪಕ್ಕದ ಹಾಸಿಗೆಯ ಅಜ್ಜ ಒಬ್ಬರು ಎದ್ದು ಕೂತು, “ಮಗಾ, ಅಲ್ಲಿಗಲ್ಲ. ತೀರಿಹೋದ ಅಂವ” ಅಂದರು. ನಾನು ಹೇಳಬೇಕಿದ್ದ ಮಾತನ್ನು ಡ್ರಿಪ್ ಹಾಕಿಸಿಕೊಂಡಿದ್ದ ರೋಗಿಯೊಬ್ಬರು ಹೇಳಿದರು.

ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗುವುದು ಕಷ್ಟ. ಉತ್ತರ ಕನ್ನಡದಲ್ಲಿ ಜೋರು ಕಾಯಿಲೆ ಬಿದ್ದವರು ‘ಹೋಗುತ್ತಲೇ’ ಇರುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ ಮಂಗಳೂರಿಗೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಕಾರವಾರದವರು ಗೋವಾದ ಬಾಂಬೋಳಿಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಊರೂರಿನ ಜನ ದನಿ ಎತ್ತಿದ್ದು ಇದಕ್ಕೇ. ಇಂಥ ಊರಲ್ಲಿ ‘ಹೋದರು’ ಅಂದರೆ ಹೆಂಡತಿಯಾದವಳು ಬಸ್ಸಿನ ಹೊತ್ತು ಕೇಳುವುದು ಸಹಜ. ತಪ್ಪು ಆಕೆಯದಲ್ಲ, ನನ್ನ ಮಾತಿನದು.

ಆ ರಾತ್ರಿಗೆ ಇಪ್ಪತ್ತು ವರ್ಷ ಕಳೆದಿದೆ. ಈಗ ಕೆಲವು ವರ್ಷಗಳಿಂದ ಜಿಲ್ಲೆಯ ಒಳಗೇ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಆಂಬುಲೆನ್ಸ್ ಹುಡುಗರಿಗೆ ಅರ್ಧ ದಿನದ ತರಬೇತಿ ಕೊಡುತ್ತಿದ್ದೇನೆ. ಸಾವು ಆದ ಮನೆಯವರ ಹತ್ತಿರ ಹೇಗೆ ಮಾತಾಡಬೇಕು, ಹೇಗೆ ಜೊತೆಗಿರಬೇಕು ಅನ್ನುವುದಷ್ಟೇ ವಿಷಯ. ಪ್ರತಿ ಸಲವೂ ಆ ಫ್ಲಾಸ್ಕಿನ ಕಥೆಯಿಂದಲೇ ಶುರು ಮಾಡುತ್ತೇನೆ.

ನಮಗೆ ಕಲಿಸಿದ್ದು ಏನು ಅಂತ ಯೋಚಿಸಿದರೆ ಈಗಲೂ ಬೇಸರವಾಗುತ್ತದೆ. ಸತ್ತವರ ದೇಹವನ್ನು ಸಿದ್ಧ ಮಾಡುವುದನ್ನು ಬಹಳ ಚೆನ್ನಾಗಿ ಕಲಿಸಿದ್ದರು. ಕಣ್ಣು ಮುಚ್ಚುವುದು, ದವಡೆಗೆ ಪಟ್ಟಿ ಕಟ್ಟುವುದು, ಹತ್ತಿ ಇಡುವುದು, ಹೆಬ್ಬೆರಳು ಜೋಡಿಸಿ ಕಟ್ಟುವುದು, ಹೆಸರಿನ ಚೀಟಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇತ್ತು. ಪರದೆಯ ಆಚೆ ನಿಂತವರ ಬಗ್ಗೆ ಒಂದು ಸಾಲು ಇರಲಿಲ್ಲ. ಎಂಬಿಬಿಎಸ್ ಓದುವವರಿಗೆ ಮಾತು, ನಡತೆ, ನೀತಿಯ ಪಾಠವನ್ನು ಕಡ್ಡಾಯವಾಗಿ ಸೇರಿಸಿದ್ದೂ 2019ರ ಬ್ಯಾಚಿನಿಂದ. ಅದಕ್ಕಿಂತ ಮುಂಚೆ ಓದಿದವರೆಲ್ಲ ಸೀನಿಯರ್ ಹೇಗೆ ಹೇಳುತ್ತಾರೋ ನೋಡಿ ಕಲಿತವರು. ಸೀನಿಯರ್ ಬಾಗಿಲಲ್ಲಿ ನಿಂತು ಹೇಳಿದರೆ ಇವರೂ ಬಾಗಿಲಲ್ಲಿ ನಿಂತೇ ಹೇಳಿದರು.

ಕೆಟ್ಟ ಸುದ್ದಿ ಹೇಳುವುದಕ್ಕೆ ಒಂದು ಕ್ರಮ ಇದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ‘ಸ್ಪೈಕ್ಸ್’ ಅನ್ನುತ್ತಾರೆ. ಕ್ಯಾನ್ಸರ್ ರೋಗಿಗಳನ್ನು ನೋಡುವ ವೈದ್ಯರು 2000ದಲ್ಲಿ ಬರೆದಿಟ್ಟ ಆರು ಹೆಜ್ಜೆ. ಮೊದಲು ಜಾಗ ನೋಡು. ಅವರಿಗೆ ಈಗಾಗಲೇ ಏನು ಗೊತ್ತಿದೆ ಕೇಳು. ಎಷ್ಟು ತಿಳಿಯಬೇಕು ಅಂತ ಅವರಿಗಿದೆ ಕೇಳು. ಆಮೇಲೆ ವಿಷಯ ಹೇಳು. ಅವರ ದುಃಖಕ್ಕೆ ಜಾಗ ಕೊಡು. ಕೊನೆಗೆ ಮುಂದೇನು ಅಂತ ಹೇಳು. ಇಷ್ಟೇ. ಓದಿದರೆ ಎರಡು ನಿಮಿಷ.

ಆದರೆ ನಮ್ಮ ವಾರ್ಡಿನಲ್ಲಿ ಮೊದಲ ಹೆಜ್ಜೆಗೇ ಎಡವುತ್ತೇವೆ. ಜಾಗ ಎಲ್ಲಿದೆ? ನಲವತ್ತು ಹಾಸಿಗೆಯ ಮಧ್ಯೆ, ಒಬ್ಬರಿಗೆ ಊಟ, ಒಬ್ಬರಿಗೆ ಇಂಜೆಕ್ಷನ್, ಮೂಲೆಯಲ್ಲಿ ಯಾರದೋ ಮೊಬೈಲಲ್ಲಿ ಯಕ್ಷಗಾನ. ಹಾಗಾಗಿ ನಾನು ತರಬೇತಿಯಲ್ಲಿ ಕೋಣೆ ಅನ್ನುವುದಿಲ್ಲ. ಎರಡು ಸ್ಟೂಲು ಅನ್ನುತ್ತೇನೆ. ಡ್ರೆಸ್ಸಿಂಗ್ ಕೋಣೆ ಆಗಲಿ, ಲಿನನ್ ಇಡುವ ಕೋಣೆ ಆಗಲಿ, ವರಾಂಡದ ತುದಿಯಾಗಲಿ. ಒಂದು ಸ್ಟೂಲು ಅವರಿಗೆ, ಇನ್ನೊಂದು ನಿಮಗೆ. ಅವರು ಕೂತರೆ ಸಾಲದು, ನೀವೂ ಕೂರಬೇಕು. ನಿಂತು ಹೇಳುವವರು ಹೊರಡುವ ಅವಸರದಲ್ಲಿದ್ದಾರೆ ಅಂತ ಎದುರಿನವರಿಗೆ ಗೊತ್ತಾಗುತ್ತದೆ.

ಇನ್ನು ಆ ಶಬ್ದ. ಇದರ ಮೇಲೆ ನಾವು ಒಂದು ತಾಸು ಕಳೆಯುತ್ತೇವೆ. ಇಂಗ್ಲಿಷಿನಲ್ಲಿ ಕಲಿಸುವವರು ‘ಡೈಡ್’ ಅಂತ ನೇರವಾಗಿ ಹೇಳಿ ಅನ್ನುತ್ತಾರೆ. ಅದನ್ನೇ ಕನ್ನಡಕ್ಕೆ ತಂದು ‘ಸತ್ತರು’ ಅಂದರೆ ನಮ್ಮ ಕಡೆ ಕಿವಿಗೆ ಹೊಡೆದ ಹಾಗಾಗುತ್ತದೆ. ಹಾಗಂತ ನಾವು ಆಡುವ ಬೇರೆ ಮಾತುಗಳು ಏನು? ನಾನು ಬೋರ್ಡಿನ ಮೇಲೆ ಬರೆಸುತ್ತೇನೆ. ‘ಹೋಗಿಬಿಟ್ರು.’ ‘ಕೈ ಮೀರಿ ಹೋಯ್ತು.’ ‘ನಮ್ಮ ಪ್ರಯತ್ನ ನಾವು ಮಾಡಿದ್ದೇವೆ.’ ‘ದೇವರ ಇಚ್ಛೆ.’ ‘ಪಲ್ಸ್ ಸಿಗ್ತಾ ಇಲ್ಲ.’ ‘ಸ್ವಲ್ಪ ಸೀರಿಯಸ್ಸು, ಊರಿಂದ ಯಾರನ್ನಾದ್ರೂ ಕರ್ಸಿ.’ ಕೊನೆಯದನ್ನು ಜೀವ ಹೋದ ಮೇಲೂ ಹೇಳುತ್ತೇವೆ. ಬೋರ್ಡು ತುಂಬಿದ ಮೇಲೆ ಕೇಳುತ್ತೇನೆ: ಇದರಲ್ಲಿ ಯಾವ ಮಾತು ಕೇಳಿದರೆ ನಿಮಗೆ ಇನ್ನೂ ಆಸೆ ಉಳಿಯುತ್ತದೆ? ಎಲ್ಲದರಲ್ಲೂ ಉಳಿಯುತ್ತದೆ. ಪಲ್ಸ್ ಸಿಗದಿದ್ದರೆ ಇನ್ನೊಮ್ಮೆ ಹುಡುಕಿ ಅನ್ನಿಸುತ್ತದೆ, ಅಲ್ವಾ?

‘ತೀರಿಕೊಂಡರು’ ನಮಗೆ ಸಿಕ್ಕ ಒಳ್ಳೆಯ ಶಬ್ದ. ಮರ್ಯಾದೆ ಇದೆ, ಸಂಶಯವಿಲ್ಲ. ಹಳ್ಳಿಯ ಅಜ್ಜಿಗಾದರೆ ‘ಜೀವ ಹೋಯ್ತು’ ಇನ್ನೂ ಹತ್ತಿರ. ಮನೆಮಾತು ಕೊಂಕಣಿಯೋ ನವಾಯಿತಿಯೋ ಆದರೆ ಆ ಭಾಷೆ ಬರುವವರೊಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಯಾ ಆಗಿರಲಿ, ವಾಚ್‌ಮನ್ ಆಗಿರಲಿ. ಆದರೆ ಮನೆಯ ಮಕ್ಕಳ ಬಾಯಿಂದ ಹೇಳಿಸಬೇಡಿ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಅಪ್ಪನ ಸಾವನ್ನು ಅಮ್ಮನಿಗೆ ಹೇಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹುಡುಗಿಗೆ ಶಾಲೆಯ ಕನ್ನಡ ಚೆನ್ನಾಗಿ ಬರುತ್ತಿತ್ತು, ಅದೇ ಅವಳ ಪಾಲಿಗೆ ಬಂದ ಕಷ್ಟ.

ಹೇಳುವ ಮುಂಚೆ ಒಂದು ಸಾಲು ಬೇಕು. “ಅಕ್ಕಾ, ಕಷ್ಟದ ಸುದ್ದಿ ಹೇಳ್ಬೇಕಾಗಿದೆ.” ಆಮೇಲೆ ಒಂದು ಉಸಿರಿನಷ್ಟು ಬಿಡಿ. ಆಮೇಲೆ ಹೆಸರು ಹಿಡಿದು, ‘ಬಾಡಿ’ ಅನ್ನದೆ, ಹೇಳಿ. ಇದನ್ನು ನಾವು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾಡಿಸುತ್ತೇವೆ. ಹೇಳಿದ ಮೇಲೆ ಪೂರ್ತಿ ಒಂದು ನಿಮಿಷ ಮಾತಾಡುವಂತಿಲ್ಲ. ಗಡಿಯಾರ ಹಿಡಿದು ನಾನು ನಿಂತಿರುತ್ತೇನೆ. ಹತ್ತು ವರ್ಷ ಐಸಿಯುನಲ್ಲಿ ದುಡಿದವರೂ ಆ ಒಂದು ನಿಮಿಷ ತಡೆಯಲಾರರು. “ಗಟ್ಟಿ ಮನಸ್ಸು ಮಾಡ್ಕೊಳ್ಳಿ,” “ಅಳ್ಬೇಡಿ,” “ಮಕ್ಕಳ ಮುಖ ನೋಡಿ” ಅಂತ ಏನಾದರೂ ಬಾಯಿಂದ ಜಾರಿಬಿಡುತ್ತದೆ. ಆ ಮಾತು ಯಾರ ಸಮಾಧಾನಕ್ಕೆ ಅಂತ ಅವರಿಗೇ ಕೇಳುತ್ತೇನೆ. ಒಮ್ಮೆ ಶಿರಸಿಯ ಕಡೆಯ ಒಬ್ಬ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಸಮಾಧಾನಕ್ಕೆ” ಅಂದಳು. ಅಲ್ಲಿಂದ ಮುಂದೆ ಆ ದಿನದ ತರಬೇತಿ ತಾನಾಗಿ ನಡೆಯಿತು.

ನಮ್ಮೂರಲ್ಲಿ ಸಾವಿನ ಮನೆಗೆ ಹೋಗುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಹೋಗಿ ಸುಮ್ನೆ ಕೂರುತ್ತೇವೆ. ‘ಬಂದೆ’ ಅನ್ನುವುದಿಲ್ಲ, ‘ಬರ್ತೇನೆ’ ಅಂತ ಹೇಳಿ ಹೊರಡುವುದೂ ಇಲ್ಲ. ಒಲೆ ಹಚ್ಚದ ಮನೆಗೆ ಪಕ್ಕದ ಮನೆಯವರು ಅನ್ನ ಸಾರು ಕಳಿಸುತ್ತಾರೆ. ಹೀಗೆ ಸುಮ್ನೆ ಕೂತು ಬರುವ ಹೆಂಗಸೇ ಸಿಸ್ಟರಾಗಿ ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಬಂದ ಕೂಡಲೇ ಅದೆಲ್ಲ ಮರೆತು ಹೋಗುತ್ತದೆ. ನಾನು ಕಲಿಸುವುದರಲ್ಲಿ ಅರ್ಧ ಭಾಗ ಅವರಿಗೆ ಮೊದಲೇ ಗೊತ್ತಿರುವುದನ್ನು ನೆನಪು ಮಾಡಿಸುವುದೇ ಆಗಿದೆ.

ಇನ್ನರ್ಧ ಮಾತ್ರ ಹೊಸದು. ಅದರಲ್ಲಿ ಆಸ್ಪತ್ರೆಯ ಕೆಲಸಗಳೂ ಬರುತ್ತವೆ. ಅಪಘಾತ, ಹಾವು ಕಚ್ಚಿದ್ದು, ನೀರಲ್ಲಿ ಮುಳುಗಿದ್ದು, ಇಂಥ ಸಾವಾದರೆ ಪೊಲೀಸರು ಬರಬೇಕು, ಪಂಚನಾಮೆ ಆಗಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಮನೆಯವರು “ಕೊಯ್ಯಬೇಡಿ” ಅಂತ ಕಾಲು ಹಿಡಿಯುತ್ತಾರೆ. ನಾವು “ರೂಲ್ಸು” ಅಂದು ಮುಖ ತಿರುಗಿಸುತ್ತೇವೆ. ಯಾಕೆ ಬೇಕು, ಎಷ್ಟು ಹೊತ್ತಾಗಬಹುದು, ಆಮೇಲೆ ಹೊಲಿದು ಕೊಡುತ್ತಾರೆ, ಮನೆಯಲ್ಲಿ ಸ್ನಾನ ಮಾಡಿಸಬಹುದು. ಈ ನಾಲ್ಕು ಮಾತು ಹೇಳಿದರೆ ಜಗಳ ಬಹಳ ಕಡಿಮೆಯಾಗುತ್ತದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಅನ್ನುವುದನ್ನು ಆ ರಾತ್ರಿ ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಅವರ ಜೊತೆ ಬಂದವರ ಜೇಬಿಗೆ ಹಾಕಿ.

ಬಾಯಿಗೆ ನೀರು ಬಿಡುವುದೂ ಹೀಗೇ. ತುಳಸಿ ನೀರೋ ಗಂಗೆಯೋ ಝಂಝಮ್ಮೋ, ಕೊನೆಗೊಂದು ಹನಿ ನೀರು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಮುಖ್ಯ. ನುಂಗಲಾರದವರಿಗೆ ನೀರು ಹಾಕಿದರೆ ಉಸಿರಿನ ನಾಳಕ್ಕೆ ಹೋಗುತ್ತದೆ ಅಂತ ನಾವು ಬಾಗಿಲು ಹಾಕಿಬಿಡುತ್ತೇವೆ. ಆದರೆ ಹತ್ತಿ ಅದ್ದಿ ತುಟಿ ಒದ್ದೆ ಮಾಡಲು ಏನಡ್ಡಿ? ಮಗನ ಕೈಗೆ ಆ ಹತ್ತಿ ಕೊಡಿ. ಜೀವ ಹೋದ ಮೇಲೆ ಆ ಮಗ ವರ್ಷಗಟ್ಟಲೆ ಹೇಳಿಕೊಳ್ಳುವುದು ಆ ಒಂದು ಹನಿಯ ಬಗ್ಗೆ.

ಮಗು ಕಳೆದುಕೊಂಡ ಬಾಣಂತಿಯ ಬಗ್ಗೆ ನಾನು ಜಾಸ್ತಿ ಹೇಳಬೇಕು, ಯಾಕೆಂದರೆ ನಾವು ಅತಿ ಹೆಚ್ಚು ತಪ್ಪು ಮಾಡುವುದು ಅಲ್ಲೇ. ಹೊಟ್ಟೆಯಲ್ಲೇ ಮಗು ತೀರಿಕೊಂಡರೆ, ತಾಯಿಗೆ ತೋರಿಸದೆ ಬಟ್ಟೆ ಸುತ್ತಿ ಅಪ್ಪನ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ‘ನೋಡಿದರೆ ದುಃಖ ಜಾಸ್ತಿ’ ಅನ್ನುವ ನಂಬಿಕೆ. ತಾಯಿಯನ್ನು ಬೇರೆ ಬಾಣಂತಿಯರ ಮಧ್ಯೆಯೇ ಮಲಗಿಸುತ್ತಿದ್ದೆವು. ರಾತ್ರಿ ಇಡೀ ಅಕ್ಕಪಕ್ಕದಲ್ಲಿ ಮಕ್ಕಳ ಅಳು. “ಚಿಕ್ಕ ಪ್ರಾಯ, ಇನ್ನೊಂದು ಆಗ್ತದೆ ಬಿಡು” ಅನ್ನುತ್ತಿದ್ದೆವು. ಇನ್ನೊಂದು ಆಗಬಹುದು. ಆದರೆ ಇದು ಆಯಿತಲ್ಲ, ಇದಕ್ಕೆ ಏನು?

ಈಗ ನಾವು ಹೇಳಿಕೊಡುವುದು: ಕೇಳಿ. “ನೋಡ್ತೀಯಾ ಮಗಾ? ಎತ್ತಿಕೊಳ್ತೀಯಾ?” ಅಂತ ಕೇಳಿ. ಬೇಡ ಅಂದರೆ ಒತ್ತಾಯ ಬೇಡ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ. ಹೌದು ಅಂದರೆ ಮಗುವಿನ ಮೈ ಒರೆಸಿ, ಮೆತ್ತಗಿನ ಬಟ್ಟೆ ಸುತ್ತಿ, ಮುಖ ಕಾಣುವ ಹಾಗೆ ಕೊಡಿ. ಹುಟ್ಟಿದ ಮಗುವನ್ನು ಹೇಗೆ ಕೊಡುತ್ತೀರೋ ಹಾಗೇ.

ಮತ್ತೆ ಹಾಲು. ಮಗು ಇಲ್ಲ ಅಂತ ಮೈಗೆ ಗೊತ್ತಾಗುವುದಿಲ್ಲ. ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಎದೆ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಅವಳು ಮನೆಯಲ್ಲಿರುತ್ತಾಳೆ. ಯಾರೂ ಹೇಳಿರುವುದಿಲ್ಲ. ಅಂಕೋಲೆಯ ಕಡೆಯ ಒಬ್ಬ ಹುಡುಗಿ ಆಶಾ ಅಕ್ಕನ ಹತ್ತಿರ, “ರವಿಕೆ ಒದ್ದೆಯಾಯ್ತು ಅಕ್ಕಾ. ಮಗು ಎಲ್ಲೋ ಅಳ್ತಾ ಉಂಟು ಅಂತ ಅಂಗಳಕ್ಕೆ ಓಡಿದೆ” ಅಂದಿದ್ದಳಂತೆ. ಮನೆಗೆ ಕಳಿಸುವ ಮುಂಚೆ ಎರಡು ಮಾತು ಹೇಳಿದ್ದರೆ ಅವಳು ಆ ದಿನ ಅಂಗಳಕ್ಕೆ ಓಡುತ್ತಿರಲಿಲ್ಲ. ಹಾಲು ಬರುತ್ತದೆ, ಹೆದರಬೇಡ. ತಣ್ಣಗಿನ ಬಟ್ಟೆ ಇಟ್ಟುಕೋ. ಜಾಸ್ತಿ ಹಿಂಡಬೇಡ, ನೋವು ತಡೆಯದಷ್ಟಾದರೆ ಸ್ವಲ್ಪ ಮಾತ್ರ ತೆಗೆ. ಕೆಂಪಾಗಿ ಜ್ವರ ಬಂದರೆ ತಡ ಮಾಡದೆ ಬಾ. ದಕ್ಷಿಣ ಭಾರತದ ಕೆಲವು ಕಡೆ ಹಾಲು ಬತ್ತಲು ಎದೆಗೆ ಮಲ್ಲಿಗೆ ಹೂವು ಕಟ್ಟುತ್ತಾರೆ, ಅದರ ಮೇಲೆ 1988ರಲ್ಲಿ ಒಂದು ಅಧ್ಯಯನವೂ ಬಂದಿದೆ. ಭಟ್ಕಳದ ಮಲ್ಲಿಗೆ ಮಾಲೆ ನೋಡಿದಾಗಲೆಲ್ಲ ನನಗೆ ಈಗ ಇದು ನೆನಪಾಗುತ್ತದೆ.

ಆಶಾ ಅಕ್ಕಂದಿರು ತರಬೇತಿಯಲ್ಲಿ ಕೇಳಿದ ಒಂದು ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು ಆರು ಸಲ ಹೋಗಬೇಕು. 3, 7, 14, 21, 28 ಮತ್ತು 42ನೇ ದಿನ. ಮಗುವಿನ ತೂಕ, ಜ್ವರ, ಹೊಕ್ಕುಳು ನೋಡಬೇಕು, ಫಾರಂ ತುಂಬಬೇಕು. “ಮಗುವೇ ಇಲ್ಲದ ಮನೆಗೆ ಏನಂತ ಹೇಳಿ ಹೋಗುದು ಅಕ್ಕೋರೆ?” ಅಂದಳು ಒಬ್ಬಳು. ಮಗು ತೀರಿಕೊಂಡ ಮೇಲೆ ಕಾರಣ ಬರೆದುಕೊಳ್ಳಲು ಹೋಗುವುದು ಇದೆ. ಅದೂ ಕಾಗದ ಹಿಡಿದುಕೊಂಡೇ. ‘ಎಷ್ಟು ಗಂಟೆಗೆ ನೋವು ಶುರುವಾಯ್ತು? ಯಾವಾಗ ಹೊರಟ್ರಿ? ಯಾಕೆ ತಡ ಆಯ್ತು?’ ಆ ಪ್ರಶ್ನೆ ಆ ಮನೆಯವರ ಕಿವಿಗೆ ತನಿಖೆಯ ಹಾಗೆ ಕೇಳುತ್ತದೆ. ನಾವು ಆ ದಿನ ಸೇರಿ ಒಂದು ತೀರ್ಮಾನ ಮಾಡಿದೆವು. ಮೂರನೇ ದಿನದ ಭೇಟಿ ಬಿಡಬಾರದು. ಅದು ತಾಯಿಗೆ. ಹಾಲು ಬರುವ ದಿನ ಅದು. ಕಾಗದ ಚೀಲದಲ್ಲೇ ಇರಲಿ.

ಆಂಬುಲೆನ್ಸ್ ಹುಡುಗರನ್ನು ಮೊದಲು ಯಾವ ತರಬೇತಿಗೂ ಕರೆಯುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅವರನ್ನು ಬಿಟ್ಟು ಈ ವಿಷಯ ಮಾತಾಡಿದರೆ ಅರ್ಧ ಸಾವುಗಳನ್ನೇ ಬಿಟ್ಟಂತೆ ಅಂತ ನನಗೆ ಅನ್ನಿಸುತ್ತದೆ. ಕುಮಟಾದಿಂದ ಮಣಿಪಾಲಕ್ಕೆ ಎರಡೂವರೆ ಮೂರು ತಾಸು. ಹೆದ್ದಾರಿಯಲ್ಲಿ ಎಲ್ಲೋ, ಶರಾವತಿ ಸೇತುವೆಯ ಮೇಲೋ ಮುರ್ಡೇಶ್ವರ ದಾಟಿದ ಮೇಲೋ, ಜೀವ ಹೋಗುತ್ತದೆ. ಒಳಗೆ ಮನೆಯವರು ಇದ್ದಾರೆ. ಒಬ್ಬ ಹುಡುಗ ಕೈ ಎತ್ತಿ ಕೇಳಿದ. “ಸಿಸ್ಟರ್, ಅಂಥ ಹೊತ್ತಲ್ಲಿ ಸೈರನ್ ನಿಲ್ಲಿಸ್ಬೇಕಾ, ಬೇಡ್ವಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ಮುಂದುವರಿಸಿದ. “ಸೈರನ್ ನಿಲ್ಸಿದ ಕೂಡ್ಲೇ ಹಿಂದಿನಿಂದ ಕೂಗು ಶುರುವಾಗ್ತದೆ. ನಿಲ್ಸದಿದ್ರೆ, ಇನ್ನೂ ಜೀವ ಉಂಟು ಅಂತ ಅವ್ರು ಕಾಲು ಉಜ್ತಾನೇ ಇರ್ತಾರೆ. ನಾನೇ ಸತ್ರು ಅಂತ ಹೇಳೋ ಹಾಗೆ ಇಲ್ಲ. ಡಾಕ್ಟ್ರು ಹೇಳ್ಬೇಕು. ಅಲ್ಲಿವರೆಗೆ ನಾನೊಂದು ಸುಳ್ಳು ಬಾರಿಸ್ಕೊಂಡೇ ಗಾಡಿ ಓಡಿಸ್ಬೇಕು.”

ಅರ್ಧ ತಾಸು ಬರೀ ಅದೇ ಮಾತಾಯಿತು. ಸಾವನ್ನು ಘೋಷಿಸುವ ಅಧಿಕಾರ ಡ್ರೈವರಿಗಿಲ್ಲ, ಜೊತೆಗಿರುವ ಸಿಬ್ಬಂದಿಗೂ ಇಲ್ಲ. ಆದರೆ ಕಂಡದ್ದನ್ನು ಹೇಳಬಹುದು. “ಉಸಿರು ನಿಂತಂತೆ ಕಾಣ್ತದೆ. ನಾವು ಮಾಡ್ಬೇಕಾದ್ದು ಮಾಡ್ತಾ ಇದ್ದೇವೆ. ಹತ್ತಿರದ ಆಸ್ಪತ್ರೆಗೆ ತಗೊಂಡು ಹೋಗ್ತೇವೆ. ಅಲ್ಲಿ ಡಾಕ್ಟ್ರು ನೋಡಿ ಹೇಳ್ತಾರೆ. ನೀವು ಕೈ ಹಿಡ್ಕೊಳ್ಳಿ.” ಇಷ್ಟು ಹೇಳಿದರೆ ಸುಳ್ಳಾಗುವುದಿಲ್ಲ. ಸೈರನ್ ವಿಷಯ ಮಾತ್ರ ಅವರವರ ಅಂದಾಜಿಗೆ ಬಿಟ್ಟೆವು. ಅಂಥ ಪ್ರಶ್ನೆ ಕೇಳುವ ಹುಡುಗ ತಪ್ಪು ಮಾಡುವುದಿಲ್ಲ ಅಂತ ನನಗೆ ಧೈರ್ಯವಿದೆ.

ಸಮುದ್ರದ ಸಾವು ಇನ್ನೊಂದು ಬಗೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನಲ್ಲಿ ಏಳು ಜನ ಇದ್ದರು. ಐವರು ನಮ್ಮ ಜಿಲ್ಲೆಯವರು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಮನುಷ್ಯರು ಸಿಗಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಕೊಚ್ಚಿಹೋದ ಕೇರಳದ ಲಾರಿ, ಡ್ರೈವರನ ದೇಹದ ಸಮೇತ ಸಿಕ್ಕಿದ್ದು 71 ದಿನದ ಮೇಲೆ. ಅಷ್ಟು ದಿನ ಕಾಯುವ ಮನೆಯವರಿಗೆ ಏನಂತ ಹೇಳುವುದು?

ಪಾಲಿನ್ ಬಾಸ್ ಅನ್ನುವ ಅಮೆರಿಕದ ವಿದ್ವಾಂಸೆ ಇದಕ್ಕೆ ‘ಆಂಬಿಗ್ಯುಯಸ್ ಲಾಸ್’ ಅಂತ ಹೆಸರು ಕೊಟ್ಟರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ನೋಡಿ ಅವರಿಗೆ ಹೊಳೆದದ್ದು. ತರಬೇತಿಯಲ್ಲಿ ನಾನು ‘ತೀರ್ಮಾನವಾಗದ ಸಾವು’ ಅನ್ನುತ್ತೇನೆ. ದೇಹ ಇಲ್ಲ, ಹಾಗಾಗಿ ಕರ್ಮವಿಲ್ಲ, ದಿನವಿಲ್ಲ. ಬಳೆ ತೆಗೆಯಬೇಕಾ, ಇಟ್ಟುಕೊಳ್ಳಬೇಕಾ? ಕಾನೂನಿನಲ್ಲಿ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಂತೆ ಎಣಿಸುತ್ತಾರೆ. ಆ ಏಳು ವರ್ಷ ಅವಳು ಏನಾಗಿ ಬದುಕಬೇಕು? ಇಂಥ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ ಎರಡು ತಪ್ಪು ಮಾಡಬಾರದು. ‘ಬರ್ತಾರೆ, ಧೈರ್ಯ ಇರಲಿ’ ಅನ್ನಬಾರದು. ‘ಇನ್ನು ಒಪ್ಪಿಕೊಳ್ಳಬೇಕಪ್ಪ’ ಅಂತಲೂ ಅನ್ನಬಾರದು. ಅವಳು ಒಂದು ದಿನ ಇದ್ದಾರೆ ಅನ್ನಬಹುದು, ಮರುದಿನ ಇಲ್ಲ ಅನ್ನಬಹುದು. ಎರಡೂ ದಿನ ಅವಳ ಮಾತು ಕೇಳಬೇಕು. ಬಿಪಿ ನೋಡುವ ನೆಪದಲ್ಲಿ ಹೋದರೂ ಸಾಕು.

ದುಃಖಕ್ಕೆ ಐದು ಮೆಟ್ಟಿಲು ಇದೆ ಅಂತ ನರ್ಸಿಂಗ್ ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಬರೆದದ್ದು. ಅವರು ಮಾತಾಡಿಸಿದ್ದು ಸ್ವತಃ ಸಾವಿಗೆ ಹತ್ತಿರ ಇದ್ದ ರೋಗಿಗಳನ್ನು. ಉಳಿದವರ ದುಃಖಕ್ಕೂ ಅದನ್ನೇ ಅಳತೆಗೋಲು ಮಾಡಿ, ‘ಇವಳು ಇನ್ನೂ ಎರಡನೇ ಮೆಟ್ಟಿಲಲ್ಲಿದ್ದಾಳೆ’ ಅನ್ನುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದುಃಖ ಮೆಟ್ಟಿಲು ಹತ್ತುವುದಿಲ್ಲ. 1999ರಲ್ಲಿ ಸ್ಟ್ರೋಬ್ ಮತ್ತು ಶುಟ್ ಅನ್ನುವವರು ಹೇಳಿದ್ದು ನನಗೆ ಹೆಚ್ಚು ಸರಿ ಕಾಣುತ್ತದೆ. ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ, ಉಬ್ಬರ ಇಳಿತದ ಹಾಗೆ ಹೋಗಿ ಬರುತ್ತದೆ. ಗಂಡ ತೀರಿ ಹದಿನೈದು ದಿನಕ್ಕೆ ಮೀನು ಬುಟ್ಟಿ ಹೊತ್ತು ಪೇಟೆಗೆ ಬಂದು, ಗಿರಾಕಿಯ ಜೊತೆ ನಗುವ ಹೆಂಗಸನ್ನು ನೋಡಿ ‘ಇವಳಿಗೆ ದುಃಖವೇ ಇಲ್ಲ’ ಅನ್ನಬೇಡಿ. ಬುಟ್ಟಿ ಖಾಲಿಯಾದ ಮೇಲೆ ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ನೋಡಿ.

ಕೆಲವರು ಮಾತ್ರ ಅಲ್ಲೇ ಸಿಕ್ಕಿಬೀಳುತ್ತಾರೆ. ಆರು ತಿಂಗಳು ದಾಟಿ, ವರ್ಷವಾದರೂ ಊಟ ನಿದ್ದೆ ಇಲ್ಲ, ಮನೆಯಿಂದ ಹೊರಗೆ ಬರುವುದಿಲ್ಲ, ‘ನಾನೂ ಹೋಗ್ತೇನೆ’ ಅನ್ನುತ್ತಾರೆ. ಸಾಯುವ ಮಾತು ಬಂದರೆ ತಿಂಗಳು ಎಣಿಸುತ್ತಾ ಕೂರಬಾರದು, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416, 2022ರಿಂದ ಇದೆ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನು ನಾನು ಎಲ್ಲರ ಮೊಬೈಲಿಗೆ ಅಲ್ಲೇ ಹಾಕಿಸುತ್ತೇನೆ.

ಇನ್ನು ಸಿಸ್ಟರ್‌ಗಳ ಪಾಡು. ಒಂದು ಹಾಸಿಗೆಯಲ್ಲಿ ಸಾವು ಹೇಳಿ, ಮುಂದಿನ ಹಾಸಿಗೆಯ ಡ್ರಿಪ್ ಬದಲಿಸಬೇಕು. ಕಣ್ಣೀರು ಬಂದರೆ ಬಾತ್‌ರೂಮಿಗೆ ಹೋಗಬೇಕು. ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಹಾಸ್ಪಿಸ್ ಚಳವಳಿ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಡಾಕ್ಟರಾಗುವ ಮುಂಚೆ ನರ್ಸ್ ಆಗಿದ್ದವರು. 1967ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಮನೆಯಿಂದ ಜಗತ್ತಿಗೆಲ್ಲ ಇದು ಹಬ್ಬಿತು. ನಮ್ಮ ಪಕ್ಕದ ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿಕೊಂಡಿತು. ಅಲ್ಲಿ ಊರಿನ ಸಾಮಾನ್ಯ ಜನರೇ ಮನೆ ಮನೆಗೆ ಹೋಗುತ್ತಾರೆ. ನಾವು ಒಂದು ಸಣ್ಣ ಪದ್ಧತಿ ಕೇಳುತ್ತಿದ್ದೇವೆ. ಸಾವಾದ ಪಾಳಿಯಲ್ಲಿ ಆ ಸುದ್ದಿ ಹೇಳಿದವರಿಗೆ ಹತ್ತು ನಿಮಿಷ ಬಿಡುವು. ಒಂದು ಚಹಾ. ಜೊತೆಯವರು ಆಗ ಅವರ ಹಾಸಿಗೆ ನೋಡಿಕೊಳ್ಳುತ್ತಾರೆ. ಕೆಲವು ವಾರ್ಡುಗಳಲ್ಲಿ ಶುರುವಾಗಿದೆ. ಕೆಲವು ಕಡೆ ‘ಜನ ಎಲ್ಲಿದ್ದಾರೆ’ ಅನ್ನುತ್ತಾರೆ. ಅದೂ ಸುಳ್ಳಲ್ಲ.

ಕಳೆದ ಮಳೆಗಾಲದಲ್ಲಿ ಕಾರವಾರದ ಕಡೆ ಒಂದು ತರಬೇತಿ ಇತ್ತು. ಮೊದಲ ಸಲ ಆಯಾಗಳನ್ನೂ ಕರೆದಿದ್ದೆವು. ಅವರು ಹಿಂದಿನ ಸಾಲಿನಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಫ್ಲಾಸ್ಕಿನ ಕಥೆ ಹೇಳಿದೆ, ಎರಡು ಸ್ಟೂಲಿನ ಪಾಠ ಮಾಡಿದೆ. ಊಟದ ಬಿಡುವಿನಲ್ಲಿ ಕೈ ತೊಳೆಯುವಾಗ ಒಬ್ಬರು ಪಕ್ಕಕ್ಕೆ ಬಂದರು. ನಿವೃತ್ತಿಗೆ ಹತ್ತಿರ ಇದ್ದವರು. ಕೈಯ ಚರ್ಮ ಫಿನೈಲಿಗೆ ಬೆಳ್ಳಗಾಗಿ ಒಡೆದಿತ್ತು.

“ನಂಗೆ ಮಾತಾಡುಕೆ ಬರುದಿಲ್ಲ ಅಕ್ಕೋರೆ,” ಅಂದರು. “ನಾನು ಸಾಮಾನು ಕಟ್ಟಿ ಕೊಡ್ತೇನೆ ಅಷ್ಟೇ. ಚಪ್ಪಲಿ ಜೋಡಿ ಮಾಡಿ, ಬೈರಾಸು ಮಡಚಿ. ಫ್ಲಾಸ್ಕು ಇದ್ರೆ ತೊಳೆದು ಒರೆಸಿ ಕೊಡ್ತೇನೆ.”

ಅದ್ಯಾಕೆ ತೊಳೆಯುವುದು ಅಂತ ಕೇಳಿದೆ.

“ಒಳಗೆ ಗಂಜಿ ಇನ್ನೂ ಬಿಸಿ ಇರ್ತದಲ್ಲ. ಮನೆಗೆ ಹೋಗಿ ಮುಚ್ಚಳ ತೆಗೆದ್ರೆ ಹಬೆ ಬರ್ತದೆ.”